ನನ್ನ ಪಾಲಿನ ಮಾತು

ಅಕ್ಕನ ಮನೆ
ಮಂಗಳವಾರ, ಮಧ್ಯಾಹ್ನ

ನಮ್ಮ ಮನೆಯವರಿಗೆ,

ನಾನು ಇಲ್ಲಿ ಚೆನ್ನಾಗಿದ್ದೇನೆ. ನೀವು ಹೇಗಿದ್ದೀರಿ ಎಂದು ಕೇಳುವುದಿಲ್ಲ. ದಿನಾ ಬೆಳಿಗ್ಗೆ ನಿಮ್ಮ ನಾಡಿ ಹಿಡಿದು ನೋಡುವವರು, ಬಿಪಿ ಅಳೆಯುವವರು, ಜೊತೆಯಲ್ಲಿ ಹೆಜ್ಜೆ ಹಾಕುವವರು ಇಷ್ಟೊಂದು ಜನ ಇರುವಾಗ ನಾನು ಕೇಳುವುದೇನಿದೆ? ಅಕ್ಕನ ಕಣ್ಣಿನ ಆಪರೇಷನ್ ಸುಸೂತ್ರವಾಗಿ ಆಯಿತು. ಇನ್ನೂ ಕೆಲವು ದಿನ ಅವಳು ಬಗ್ಗಬಾರದಂತೆ, ಒಲೆಯ ಮುಂದೆ ನಿಲ್ಲಬಾರದಂತೆ. ಹಾಗಾಗಿ ನಾನು ಇಷ್ಟು ಬೇಗ ಹೊರಟು ಬರುವುದು ಕಷ್ಟ.

ಫೋನ್ ಮಾಡಬಹುದಿತ್ತಲ್ಲ ಎಂದು ನಿಮಗೆ ಅನ್ನಿಸೀತು. ನಿನ್ನೆ ಮಾಡಿದೆನಲ್ಲ, ಏನಾಯಿತು? ಊಟ ಆಯ್ತಾ ಅಂದೆ, ಹೂಂ ಅಂದಿರಿ. ಮಾತ್ರೆ ತಗೊಂಡ್ರಾ ಅಂದೆ, ಹೂಂ. ಇನ್ನೂ ಸ್ವಲ್ಪ ದಿನ ಇಲ್ಲೇ ಇರ್ತೀನಿ ಅಂದೆ, ಅದಕ್ಕೂ ಹೂಂ. ನಾನು ಫೋನು ಕೆಳಗಿಟ್ಟ ಮೇಲೆ ಭಾವ ಪೇಪರಿನಿಂದ ತಲೆಯೆತ್ತಿ, ಯಾರಮ್ಮಾ ಅದು, ರಾಂಗ್ ನಂಬರಾ ಅಂತ ಕೇಳಿದರು. ಅದಕ್ಕೇ ಬರೆಯುತ್ತಿದ್ದೇನೆ. ಕಾಗದ ಓದುತ್ತಾ ನೀವು ಎಷ್ಟು ಸಲ ಹೂಂಗುಟ್ಟಿದರೂ ನನಗೆ ಕೇಳಿಸುವುದಿಲ್ಲ.

ಮೊದಲೇ ಹೇಳಿಬಿಡುತ್ತೇನೆ. ನನಗೆ ಹೊಟ್ಟೆಕಿಚ್ಚಾಗಿದೆ. ಸುತ್ತಿ ಬಳಸಿ ಹೇಳಿ ನನಗೆ ಅಭ್ಯಾಸವಿಲ್ಲ. ಆಸ್ಪತ್ರೆಯ ವ್ಯಾಯಾಮದಲ್ಲಿ ನಿಮ್ಮ ಜೊತೆ ನಡೆಯುವ ಆ ಡ್ರೈವಿಂಗ್ ಟೀಚರಮ್ಮನ ಮೇಲೆ ಹೊಟ್ಟೆ ಉರಿದು ಹೋಗುತ್ತಿದೆ. ನಗಬೇಡಿ. ಅವರ ಎದೆಯಲ್ಲಿ ಬೈಪಾಸಿನ ಹೊಲಿಗೆ, ನಿಮ್ಮ ಎದೆಯಲ್ಲಿ ಸ್ಟೆಂಟು. ಇಬ್ಬರೂ ಸೇರಿ ಎಲ್ಲಿಗೋ ಓಡಿಹೋಗುತ್ತೀರಿ ಅನ್ನುವ ಚಿಂತೆ ನನಗಿಲ್ಲ, ಓಡುವುದಕ್ಕೆ ಫಿಸಿಯೋ ಮೇಡಂ ಬಿಡಬೇಕಲ್ಲ! ನನ್ನ ಉರಿ ಬೇರೆಯದು. ಅದೇನೆಂದು ಹೇಳಬೇಕಾದರೆ ನಿಮಗೆ ಗೊತ್ತಿರುವುದನ್ನೇ ಮತ್ತೆ ಬರೆಯಬೇಕು, ಯಾಕೆಂದರೆ ನಾನು ನಿಂತ ಜಾಗದಿಂದ ಅದು ಹೇಗೆ ಕಂಡಿತು ಎಂದು ನಿಮಗೆ ಗೊತ್ತಿಲ್ಲ.

ಅವತ್ತು ಯಾವುದೋ ಕಟ್ಟಡದ ಲಿಫ್ಟು ಕೆಟ್ಟಿತೆಂದು ರಿಪೇರಿಗೆ ಮೇಲಿನ ಮೋಟಾರು ಕೋಣೆಯವರೆಗೆ ಮೆಟ್ಟಿಲು ಹತ್ತಿ ಹೋಗಿದ್ದಿರಿ. ಸಂಜೆ ಬಂದವರು ಒಳಗೆ ಹೋಗದೆ ನೇರ ನನ್ನ ಹೊಲಿಗೆ ಅಂಗಡಿಗೆ ಬಂದು, ಮಿಷನ್ನಿನ ಪಕ್ಕದ ಸ್ಟೂಲಿನ ಮೇಲೆ ಕೂತಿರಿ. ಏನಾಯ್ತು ಅಂದರೆ ಗ್ಯಾಸು ಅಂದಿರಿ. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಆಮೇಲೆ ಸ್ಟೂಲಿನಿಂದ ಜಾರಿ ಬಟ್ಟೆ ತುಂಡುಗಳ ರಾಶಿಯ ಮೇಲೆ ಬಿದ್ದಿರಿ. ಆಸ್ಪತ್ರೆಯಲ್ಲಿ ಎಲ್ಲ ಮುಗಿದು ಬಿಡುಗಡೆ ಮಾಡುವಾಗ ಡಾಕ್ಟರು, ಇನ್ಮೇಲೆ ಲಿಫ್ಟು ಬಿಡಿ, ಮೆಟ್ಟಿಲು ಹತ್ತಿ ಅಂದರು. ಜೀವಮಾನವೆಲ್ಲ ಜನ ಮೆಟ್ಟಿಲು ಹತ್ತದ ಹಾಗೆ ನೋಡಿಕೊಂಡ ಮನುಷ್ಯನಿಗೆ ಹೇಳುವ ಮಾತೇ ಅದು? ನಾನು ನಕ್ಕೆ. ನೀವು ನಗಲಿಲ್ಲ.

ಮನೆಗೆ ಬಂದ ಮೇಲೆ ನಿಮ್ಮನ್ನು ಅಂಗೈಯಲ್ಲಿಟ್ಟು ನೋಡಿಕೊಂಡೆ, ಇಲ್ಲ ಅನ್ನಿ ನೋಡೋಣ. ಚೀಲ ಎತ್ತಲು ಬಿಡಲಿಲ್ಲ. ಕೊಡ ಮುಟ್ಟಲು ಬಿಡಲಿಲ್ಲ. ಯಾರಾದರೂ ನೋಡಲು ಬಂದರೆ ನಿಮ್ಮ ಪರವಾಗಿ ನಾನೇ ಉತ್ತರ ಕೊಟ್ಟೆ. ಮಾತಾಡಬೇಡಿ, ಆಯಾಸ ಆಗತ್ತೆ ಅಂದೆ. ಹೌದು, ನಾನೇ ಅಂದೆ. ಮೊದಲೇ ಮಾತು ಕಮ್ಮಿ ಇದ್ದವರು, ಪೂರ್ತಿ ನಿಲ್ಲಿಸಿಬಿಟ್ಟಿರಿ. ಇಷ್ಟು ವರ್ಷದಲ್ಲಿ ನನ್ನ ಮಾತು ಹೀಗೆ ಚಾಚೂ ತಪ್ಪದೆ ಪಾಲಿಸಿದ್ದು ಅದೊಂದೇ.

ಆಮೇಲೆ ಬಂತು ಆ ವ್ಯಾಯಾಮದ ಕೋಣೆ. ಆಸ್ಪತ್ರೆಯ ಹಿಂಭಾಗದಲ್ಲಿ, ಗೋಡೆ ತುಂಬ ಕನ್ನಡಿ, ಸಾಲಾಗಿ ಸೈಕಲ್ಲು, ಎಲ್ಲರ ಕೈಗೂ ನಾಡಿ ಎಣಿಸುವ ಪಟ್ಟಿ. ಫಿಸಿಯೋ ಮೇಡಂ ಅವತ್ತು ನಮಗೆ ವಿವರಿಸಿದ ನಿಯಮ ಈಗಲೂ ನನಗೆ ಬಾಯಿಪಾಠ ಬರುತ್ತದೆ. ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಹಾಡಲು ಬಂತೆಂದರೆ ನಡಿಗೆ ಸಾಲದು, ಹೃದಯಕ್ಕೆ ಕೆಲಸವಾಗುತ್ತಿಲ್ಲ. ಒಂದು ವಾಕ್ಯ ಪೂರ್ತಿ ಮಾಡಲು ಆಗದೆ ಉಸಿರು ತುಂಡಾದರೆ ವೇಗ ಹೆಚ್ಚಾಯಿತು, ನಿಧಾನಿಸಬೇಕು. ಅದಕ್ಕಾಗಿ ಅಲ್ಲಿ ಒಬ್ಬೊಬ್ಬರೇ ನಡೆಯುವಂತಿಲ್ಲ, ಜೋಡಿಯಾಗಿ ನಡೆಯಬೇಕು, ನಡೆದಷ್ಟು ಹೊತ್ತೂ ಮಾತಾಡುತ್ತಲೇ ಇರಬೇಕು. ಮನೆಯಿಂದ ಯಾರಾದ್ರೂ ಜೊತೆಗೆ ಬರ್ತೀರಾ ಎಂದು ಅವರು ನನ್ನ ಮುಖ ನೋಡಿದರು. ಅಂಗಡಿ ಬಿಟ್ಟು ಬರೋಕಾಗಲ್ಲ ಮೇಡಂ ಅಂದೆ. ಸರಿ, ಹಾಗಾದ್ರೆ ಇಲ್ಲೇ ಒಬ್ಬರನ್ನ ಜೊತೆ ಮಾಡ್ತೀನಿ ಎಂದು ನೇರಳೆ ಬಣ್ಣದ ಶೂ ಹಾಕಿಕೊಂಡಿದ್ದ ಆ ಟೀಚರಮ್ಮನನ್ನು ಕರೆದರು. ಇಬ್ಬರ ಪರೀಕ್ಷೆಯ ಫಲಿತಾಂಶ ನೋಡಿ, ಎರಡು ಹೃದಯಾನೂ ಒಂದೇ ಥರ ಕೆಲಸ ಮಾಡ್ತಿವೆ, ಒಳ್ಳೆ ಜೋಡಿ ಅಂದರು. ನಾನು ಅಲ್ಲೇ ನಿಂತಿದ್ದೆ. ಯಾವ ಹೆಂಡತಿಗೂ ಇಂಥ ಮಾತು ಕೇಳುವ ಗತಿ ಬರಬಾರದು!

ಆದರೂ ಅವತ್ತು ನನಗೇನೂ ಅನ್ನಿಸಲಿಲ್ಲ. ಪಾಪ, ಆ ಹೆಂಗಸಿಗೆ ಮಾತಾಡಿಸಲು ಸಿಕ್ಕಿದ್ದು ಗೋಡೆ ಎಂದು ಮನಸ್ಸಿನಲ್ಲೇ ಮರುಗಿದೆ. ಎರಡು ದಿನದಲ್ಲಿ ಬೇರೆ ಜೊತೆ ಕೇಳುತ್ತಾರೆ ಅಂದುಕೊಂಡೆ.

ವಾರಗಳು ಕಳೆದವು. ನೀವು ಬೆಳಿಗ್ಗೆ ನಾನು ಎಬ್ಬಿಸುವ ಮುಂಚೆ ಏಳತೊಡಗಿದಿರಿ. ಕನ್ನಡಿ ಮುಂದೆ ನಿಂತು ತಲೆ ಬಾಚಿಕೊಳ್ಳುವುದು ಬೇರೆ. ಹೊಟ್ಟೆ ಕರಗಿತು, ಪ್ಯಾಂಟು ನಿಲ್ಲದಾಯಿತು. ಸೊಂಟ ಹಿಡಿದು ಚಿಕ್ಕದು ಮಾಡಿದವಳು ನಾನೇ, ಮೇಲಿಂದ ಮೇಲೆ. ಯಾರ ಜೊತೆ ನಡೆದು ಕರಗಿಸಿದ ಸೊಂಟವನ್ನು ಯಾರು ಕೂತು ಹೊಲಿಯುವುದು! ಇಷ್ಟಾದರೂ ಮನೆಯಲ್ಲಿ ಅದೇ ಹೂಂ, ಅದೇ ಆಯ್ತು, ಅದೇ ನೋಡೋಣ.

ಆಮೇಲೊಂದು ದಿನ ಟೀಚರಮ್ಮ ಅಂಗಡಿಗೇ ಬಂದರು. ಟ್ರ್ಯಾಕ್ ಪ್ಯಾಂಟು ಉದ್ದವಾಗಿದೆ, ನಡೆಯುವಾಗ ಹಿಮ್ಮಡಿಗೆ ಸಿಕ್ಕುತ್ತದೆ, ಮೇಲೆ ಮಡಚಿ ಹೊಲಿದುಕೊಡಿ ಎಂದು. ನೀವೇ ಕಳಿಸಿದಿರಂತೆ. ಅಳತೆ ತೆಗೆಯಲು ನಾನು ಅವರ ಕಾಲ ಬುಡದಲ್ಲಿ ಕೂತಿದ್ದೆ, ಬಾಯಲ್ಲಿ ಗುಂಡುಸೂಜಿ. ಮೇಲಿಂದ ಅವರ ಮಾತು. ನಿಮ್ಮ ಮನೆಯವರು ಅದೆಷ್ಟು ಮಾತಾಡ್ತಾರೆ ರೀ! ನಕ್ಕು ನಕ್ಕು ನನ್ನ ಹೊಲಿಗೆ ಬಿಚ್ಚೋದೊಂದು ಬಾಕಿ, ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡ ಆ ಭಾವ ಭಾಮೈದನ ಕಥೆ ನಿಮಗೂ ಹೇಳಿರ್ತಾರಲ್ಲ ಅಂದರು.

ನಾನು ಸೂಜಿ ನುಂಗುವುದರಲ್ಲಿದ್ದೆ. ಯಾವ ಭಾವ, ಯಾವ ಭಾಮೈದ? ಹೌದೌದು ಎಂದು ತಲೆಯಾಡಿಸಿದೆ. ಅವರೇ ಮತ್ತೆ ಪೂರ್ತಿ ಹೇಳಿದರು. ಆಸ್ತಿ ಜಗಳದಲ್ಲಿ ಮಾತು ಬಿಟ್ಟಿದ್ದ ಇಬ್ಬರು ಒಂದೇ ಲಿಫ್ಟಿನಲ್ಲಿ ಸಿಕ್ಕಿಕೊಂಡದ್ದು, ನೀವು ಮೇಲಿನಿಂದ ಬಗ್ಗಿ, ಒಬ್ಬರ ಹೆಗಲ ಮೇಲೆ ಒಬ್ಬರು ಹತ್ತಿದರೆ ಮಾತ್ರ ಹೊರಗೆ ತೆಗೀತೀನಿ ಅಂದದ್ದು, ಕೆಳಗೆ ಯಾರು ನಿಲ್ಲಬೇಕು ಎಂದು ಅವರು ಅಲ್ಲೇ ಮತ್ತೆ ಜಗಳ ತೆಗೆದದ್ದು. ಚೆನ್ನಾಗಿತ್ತು ಕಥೆ. ನಿಮ್ಮ ಬಗ್ಗೆ ಒಂದು ಒಳ್ಳೆಯ ಕಥೆಯನ್ನು ನಾನು ಊರವರ ಬಾಯಿಂದ ಕೇಳಿ ನಗಬೇಕಾಯಿತು.

ಅವರು ಹೋದ ಮೇಲೆ ಪ್ಯಾಂಟು ಹೊಲಿಯಲು ಕೂತೆ. ಮೈಯೆಲ್ಲ ಉರಿಯುತ್ತಿತ್ತು. ಬೇಕೆಂದೇ ಒಂದು ಕಾಲನ್ನು ಅರ್ಧ ಬೆರಳು ಉದ್ದ ಬಿಟ್ಟು ಹೊಲಿದೆ. ಆಮೇಲೆ ಬಿಚ್ಚಿ ಸರಿ ಮಾಡಿದೆ. ಅವರ ಮೇಲಿನ ಪ್ರೀತಿಗಲ್ಲ, ನನ್ನ ಕೈಯ ಕೆಲಸಕ್ಕೆ ಯಾರೂ ಬೆರಳು ತೋರಿಸಬಾರದು ಅಷ್ಟೆ. ನೀವು ಸಂಜೆ ಬಂದು, ಆಕೆಗೆ ಹೊಲಿದು ಕೊಟ್ಯಾ ಎಂದು ಕೇಳಿದಿರಿ. ನಾನು ಹೂಂ ಅಂದೆ. ನಿಮಗೆ ಅದರಲ್ಲಿ ಏನೂ ವಿಶೇಷ ಕಾಣಲಿಲ್ಲ.

ಇಷ್ಟರಲ್ಲೇ ಮುಗಿದಿದ್ದರೆ ನಾನು ಸಹಿಸಿಕೊಳ್ಳುತ್ತಿದ್ದೆ. ತಮಾಷೆಯ ಮಾತು ತಾನೇ, ಹೊರಗೆ ಹೋಗಲಿ ಬಿಡು ಎಂದು ಸಮಾಧಾನ ಮಾಡಿಕೊಂಡಿದ್ದೆ. ಆದರೆ ನಾನು ಇಲ್ಲಿಗೆ ಬರುವ ಹಿಂದಿನ ದಿನ ನೀವು ಮಾತ್ರೆಯ ಚೀಲ ಮರೆತು ಹೋದಿರಿ. ಎದೆ ನೋವು ಬಂದರೆ ನಾಲಿಗೆ ಕೆಳಗೆ ಇಟ್ಟುಕೊಳ್ಳುವ ಮಾತ್ರೆ. ನಾನೇ ಹೊಲಿದು ಕೊಟ್ಟ ಆ ಪುಟ್ಟ ಚೀಲ ಮೇಜಿನ ಮೇಲೆ ಬಿದ್ದಿತ್ತು. ಅಂಗಡಿ ಬಾಗಿಲು ಎಳೆದುಕೊಂಡು ಓಡಿ ಬಂದೆ. ನಿಮ್ಮನ್ನೆಲ್ಲ ಆಸ್ಪತ್ರೆಯ ಪಕ್ಕದ ಪಾರ್ಕಿನಲ್ಲಿ ನಡೆಯಲು ಬಿಟ್ಟಿದ್ದರು. ಜೋಡಿ ಜೋಡಿಯಾಗಿ ಹೋಗುತ್ತಿದ್ದವರ ನಡುವೆ ನೇರಳೆ ಶೂ ಹುಡುಕಿದೆ, ಪಕ್ಕದಲ್ಲಿ ನೀವಿದ್ದಿರಿ. ಕೂಗಬೇಕು ಅಂದುಕೊಂಡೆ, ದನಿಯೇ ಹೊರಡಲಿಲ್ಲ. ಎರಡು ರಿಪೇರಿ ಮಾಡಿದ ಹೃದಯಗಳು ಸಲೀಸಾಗಿ ಮುಂದೆ ಹೋಗುತ್ತಿವೆ, ಹಿಂದೆ ಗಟ್ಟಿ ಹೃದಯದ ನಾನು ಏದುಸಿರು ಬಿಡುತ್ತಾ ಓಡುತ್ತಿದ್ದೇನೆ. ನೋಡಿದವರನ್ನು ರೋಗಿ ಯಾರು ಎಂದು ಕೇಳಿದ್ದರೆ ನನ್ನನ್ನೇ ತೋರಿಸುತ್ತಿದ್ದರು.

ಹತ್ತಿರ ಬಂದಾಗ ನಿಮ್ಮ ದನಿ ಕೇಳಿಸಿತು. ಶೂ ಲೇಸು ಕಟ್ಟಕ್ಕೆ ಬಗ್ಗಿದಾಗ ಒಳಗೆ ಏನೋ ಹಿಡಿದ ಹಾಗಾಗತ್ತೆ, ಏನೂ ಅಲ್ಲ ಅಂತ ಗೊತ್ತು, ಆದ್ರೂ ಇವತ್ತೇ ಕೊನೆ ಏನೋ ಅನ್ಸತ್ತೆ, ಭಯ ಆಗತ್ತೆ ಅನ್ನುತ್ತಿದ್ದಿರಿ. ಹೀಗೇ ಅಂದಿರಿ, ಒಂದಕ್ಷರ ನಾನು ಸೇರಿಸಿಲ್ಲ. ಮನೇಲಿ ಹೇಳಿದ್ರಾ ಎಂದು ಟೀಚರಮ್ಮ ಕೇಳಿದರು. ಇಲ್ಲ, ಅವಳು ಹೆದರ್ಕೋತಾಳೆ ಅಂದಿರಿ. ಅದಕ್ಕೆ ಅವರು, ಮಾತ್ರೆ ಇದೆ ತಾನೇ ಅಂದರು. ನೀವು ಜೇಬು ತಡವಿಕೊಂಡು ನಿಂತಿರಿ. ಯೋಚನೆ ಮಾಡ್ಬೇಡಿ, ನಿಮಗೂ ಇರ್ಲಿ ಅಂತ ನಾನು ಯಾವಾಗಲೂ ಹೆಚ್ಚಿಗೆ ಇಟ್ಕೊಂಡಿರ್ತೀನಿ ಎಂದು ತಮ್ಮ ಸೊಂಟದ ಪರ್ಸು ತೆರೆದು ತೋರಿಸಿದರು.

ಅವರ ಪರ್ಸಿನಲ್ಲಿ ನಿಮ್ಮ ಮಾತ್ರೆ! ನನ್ನ ಕೈಯಲ್ಲಿ ನಾನು ಹೊಲಿದ ಚೀಲ, ಯಾರಿಗೂ ಬೇಡದ್ದು. ನಾನು ಅಲ್ಲಿಂದಲೇ ತಿರುಗಿ ಬಂದೆ, ಚೀಲವನ್ನು ಗೇಟಿನ ಕಾವಲುಗಾರನ ಕೈಗೆ ಕೊಟ್ಟೆ. ನೀವು ಮನೆಗೆ ಬಂದು, ಮಾತ್ರೆ ಕೊಡಕ್ಕೆ ಬಂದಿದ್ಯಂತೆ, ಮಾತಾಡಿಸಬಾರದಿತ್ತಾ ಅಂದಿರಿ. ಆ ಕಡೆ ದಾರ ತರಲು ಹೋಗಿದ್ದೆ ಅಂದೆ. ಸಂಜೆಯೇ ಅಕ್ಕನ ಕಣ್ಣಿನ ಆಪರೇಷನ್ನು ಎದ್ದಿತು.

ಇನ್ನು ಮುಚ್ಚಿಡುವುದೇನು. ಅಕ್ಕನ ಕಣ್ಣು ಚೆನ್ನಾಗಿಯೇ ಇದೆ. ಈಗ ಎದುರಿಗೆ ಕೂತು ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುತ್ತಿದ್ದಾಳೆ. ಅವಳ ಹೆಸರಿನಲ್ಲಿ ಸುಳ್ಳು ಹೇಳಿ ಬಂದೆನೆಂದು ಬೇರೆ ಬೈಸಿಕೊಂಡಿದ್ದೇನೆ.

ನೀವು ಆಕೆಯ ಜೊತೆ ನಕ್ಕಿರಿ, ಸರಿ. ಕಥೆ ಹೇಳಿದಿರಿ, ಅದೂ ಸರಿ. ಆದರೆ ಭಯ ಆಗುತ್ತದೆ ಅನ್ನುವ ಮಾತು ನನ್ನ ಪಾಲಿನದು. ಅದನ್ನು ಬೇರೆಯವರಿಗೆ ಹೇಗೆ ಕೊಟ್ಟಿರಿ? ನಾನು ಹೆದರಿಕೊಳ್ಳುತ್ತೇನೆ ಎಂದು ಹೇಳಲಿಲ್ಲವಂತೆ. ಯಾರು ಕೇಳಿದ್ದರು ನಿಮ್ಮ ಈ ಉಪಕಾರ? ನೀವು ಬಿದ್ದದ್ದು ನನ್ನ ಮಿಷನ್ನಿನ ಕಾಲಬುಡದಲ್ಲಿ. ನಿಮ್ಮ ತಲೆ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡವಳು ನಾನು. ಕಷ್ಟಕ್ಕೆ ನಾನು, ಕಷ್ಟದ ಮಾತಿಗೆ ಇನ್ನೊಬ್ಬರು, ಇದು ಎಲ್ಲಿಯ ನ್ಯಾಯ? ಅವರು ಒಳ್ಳೆಯವರು ಎಂದು ನನಗೂ ಗೊತ್ತು. ಕೆಟ್ಟವರಾಗಿದ್ದರೆ ಎಷ್ಟು ಸುಲಭವಿತ್ತು! ಬೈದು ಹಗುರಾಗುತ್ತಿದ್ದೆ. ನಿಮ್ಮ ಮಾತ್ರೆ ಇಟ್ಟುಕೊಂಡು ತಿರುಗುವ ಹೆಂಗಸಿಗೆ ಏನೆಂದು ಬೈಯಲಿ? ಅದಕ್ಕೇ ಇನ್ನಷ್ಟು ಉರಿ.

ಈ ಶನಿವಾರ ನಿಮ್ಮ ಆಸ್ಪತ್ರೆಯ ವ್ಯಾಯಾಮ ಮುಗಿಯುತ್ತದೆ. ಇನ್ನು ಮೇಲೆ ಜೀವನಪೂರ್ತಿ ನಡೆಯುವುದು ನಿಮ್ಮ ನಿಮ್ಮ ಜವಾಬ್ದಾರಿ, ಯಾರ ಜೊತೆ ನಡೀತೀರಿ ಅಂತ ಹೇಳಿ ಹೋಗಿ ಎಂದು ಫಿಸಿಯೋ ಮೇಡಂ ಎಲ್ಲರಿಗೂ ಹೇಳಿದ್ದಾರೆ. ಇದನ್ನೂ ನಾನು ನಿಮ್ಮಿಂದ ಕೇಳಲಿಲ್ಲ, ಟೀಚರಮ್ಮನೇ ಪ್ಯಾಂಟು ತೆಗೆದುಕೊಂಡು ಹೋಗಲು ಬಂದಾಗ ಹೇಳಿದ್ದು. ನಾವಿಬ್ಬರೂ ಹೀಗೇ ಮುಂದುವರಿಸೋಣ ಅಂದೆ, ನಿಮ್ಮ ಮನೆಯವರು ನೋಡೋಣ ಅಂದ್ರು ಎಂದು ನಕ್ಕರು. ನಿಮ್ಮ ನೋಡೋಣ ಅಂದರೆ ಏನೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮದುವೆಗೆ ಮುಂಚೆ ನನ್ನನ್ನು ಒಪ್ಪಿದ್ದೀರಾ ಎಂದು ಕೇಳಿದಾಗಲೂ ನೀವು ಅಂದದ್ದು ನೋಡೋಣ ಎಂದೇ.

ಅದಕ್ಕೆ ಈ ಪತ್ರ. ಆ ಜಾಗ ನನಗೆ ಬೇಕು.

ಇಲ್ಲಿ ಬಂದಾಗಿನಿಂದ ದಿನಾ ಬೆಳಿಗ್ಗೆ ಅಕ್ಕನ ಜೊತೆ ನಡೆಯುತ್ತಿದ್ದೇನೆ. ಅವಳ ಮನೆಯಿಂದ ಅಂಚೆ ಕಚೇರಿಯವರೆಗೆ ಬರೀ ಏರು. ಮೊದಲ ದಿನ ಅರ್ಧ ದಾರಿಗೇ ಬಾಯಿ ಬಿಟ್ಟುಕೊಂಡು ಯಾರದೋ ಗೇಟು ಹಿಡಿದು ನಿಂತೆ. ಒಳಗಿನಿಂದ ಆ ಮನೆಯಾಕೆ ಬಂದು, ಯಾರು ಬೇಕಿತ್ತು ಎಂದು ಕೇಳಿದರು. ಉತ್ತರ ಹೇಳಲು ಉಸಿರೇ ಇಲ್ಲ. ಕೂತು ಹೊಲಿದು ಹೊಲಿದು ನನ್ನ ಮೈ ಹೀಗಾಗಿದೆ ಎಂದು ಅವತ್ತು ಗೊತ್ತಾಯಿತು. ಭಾವ ಜಗುಲಿಯಲ್ಲಿ ಕುರ್ಚಿ ಹಾಕಿಕೊಂಡು ನಮ್ಮನ್ನು ನೋಡಿ, ಅಕ್ಕ ತಂಗಿ ಯಾವ ಓಟಕ್ಕೆ ಹೆಸರು ಕೊಟ್ಟಿದ್ದೀರಿ ಎಂದು ಕಿಚಾಯಿಸುತ್ತಾರೆ. ಕಿಚಾಯಿಸಲಿ. ಈಗ ಏರು ಹತ್ತುತ್ತಲೇ ಒಂದು ವಾಕ್ಯ ಪೂರ್ತಿ ಹೇಳಬಲ್ಲೆ. ಹಾಡಲು ಪ್ರಯತ್ನಿಸಿದೆ, ಆಗಲಿಲ್ಲ. ಅಂದರೆ ನಿಮ್ಮ ಫಿಸಿಯೋ ಮೇಡಂ ಲೆಕ್ಕದಲ್ಲಿ ನನ್ನ ನಡಿಗೆ ಸರಿಯಾಗಿದೆ.

ಶನಿವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಬರುತ್ತೇನೆ. ಮನೆಗೆ ಹೋಗುವುದಿಲ್ಲ, ನೇರ ಪಾರ್ಕಿಗೆ ಬರುತ್ತೇನೆ. ಟೀಚರಮ್ಮನಿಗೆ ನೀವು ಏನು ಹೇಳುತ್ತೀರೋ ನಿಮಗೆ ಬಿಟ್ಟದ್ದು. ಬೇಕಾದರೆ ಅವರೂ ಬರಲಿ, ನನ್ನ ಆ ಕಡೆ ನಡೆಯಲಿ. ನಿಮ್ಮ ಈ ಕಡೆ ನಾನು. ಅವರಿಗೆ ಹೇಳಿದ ಕಥೆಗಳನ್ನೆಲ್ಲ ನನಗೆ ಮೊದಲಿನಿಂದ ಹೇಳಬೇಕು, ಒಂದೂ ಬಿಡುವಂತಿಲ್ಲ. ಆ ಇನ್ನೊಂದು ಮಾತನ್ನೂ ಹೇಳಬೇಕು. ನಾನು ಹೆದರಿಕೊಂಡರೆ ಹೆದರಿಕೊಳ್ಳುತ್ತೇನೆ, ಅದು ನನ್ನ ಕಷ್ಟ. ನಡುವೆ ನಾನು ಮಾತಾಡಬೇಡಿ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ. ನೋಡೋಣ ಎಂದು ಮಾತ್ರ ಅನ್ನಬೇಡಿ. ಬಾ ಅನ್ನಿ, ಇಲ್ಲ ಬೇಡ ಅನ್ನಿ.

ಕೋಪ ಇನ್ನೂ ಇಳಿಯದ,
ನಿಮ್ಮವಳು

ತಾ.ಕ.: ಲಕೋಟೆ ಅಂಟಿಸಿ ಅಕ್ಕನ ಜೊತೆ ಅಂಚೆ ಕಚೇರಿಗೆ ಹೊರಟಿದ್ದೆ. ಏರಿನ ನಡುವೆ ಅವಳು, ಅವರಿಗೆ ಭಯ ಅಂತೆ ಸರಿ ಕಣೇ, ನಿನಗೇನು ಭಯ ಎಂದು ಕೇಳಿಬಿಟ್ಟಳು. ನಡೆಯುವಾಗ ಬಾಯಿಗೆ ತಡೆಯಿಲ್ಲ ಎಂದು ಆಗ ಗೊತ್ತಾಯಿತು. ನೀವು ಸ್ನಾನಕ್ಕೆ ಹೋದಾಗ ನಾನು ಬಾಗಿಲ ಹೊರಗೆ ನಿಂತು ನೀರಿನ ಸದ್ದು ಕೇಳಿಸಿಕೊಳ್ಳುತ್ತೇನೆ, ಸದ್ದು ನಿಂತರೆ ನನ್ನ ಉಸಿರೂ ನಿಂತುಹೋಗುತ್ತದೆ ಅಂದೆ. ಫಿಸಿಯೋ ಮೇಡಂ ಕೇಳಿದಾಗ ಬರೋಕಾಗಲ್ಲ ಅಂದದ್ದು ಅಂಗಡಿಗಾಗಿ ಅಲ್ಲ, ನೀವು ಮತ್ತೆ ನನ್ನ ಕಣ್ಣೆದುರಿಗೆ ಬಿದ್ದರೆ ನೋಡಲಾರೆ ಎಂದು, ಅದನ್ನೂ ಹೇಳಿದೆ. ನಿಮಗೆ ಹೇಳಬೇಕಾದ್ದನ್ನೆಲ್ಲ ಅಕ್ಕನಿಗೆ ಹೇಳಿ ಮುಗಿಸಿದ್ದೇನೆ. ಈಗ ಅಂಚೆ ಕಚೇರಿಯ ಕಟ್ಟೆಯ ಮೇಲೆ ಕೂತು, ಲಕೋಟೆ ಹರಿದು ಇದನ್ನು ಬರೆಯುತ್ತಿದ್ದೇನೆ. ಅವಳಿಗೆ ಮೊದಲು ಹೇಳಿದೆನೆಂದು ನೀವೂ ಸ್ವಲ್ಪ ಹೊಟ್ಟೆಕಿಚ್ಚು ಪಡಿ. ದಯವಿಟ್ಟು ಪಡಿ.